ಕಾಯಿಸಿದ್ದು ಒಳ್ಳೆಯದೇ ಆಯಿತು

ಧ್ಯಾನಮಠಕ್ಕೆ ಹೋದ ಹುಡುಗಿ ಹೋದ ದಿನವೇ ಜೀವಮಾನದ ವ್ರತ ತೊಡುತ್ತಾಳೆ ಎಂದು ನಮ್ಮ ಮಮದಾಪುರದ ಕಡೆ ಈಗಲೂ ತಿಳಿದವರಿದ್ದಾರೆ. ಹಾಗಿಲ್ಲ. ನಾನು ಕಾರ್ಮೆಲ್ ಮಠ ಸೇರಿ ನೊವಿಶಿಯೇಟ್‌ನಲ್ಲಿ, ಅಂದರೆ ಮೊದಲ ವ್ರತಕ್ಕೂ ಮುಂಚಿನ ತರಬೇತಿಯಲ್ಲಿ, ಇದ್ದಾಗಲೇ, 2018ರಲ್ಲಿ, ರೋಮ್‌ನಿಂದ ಹೊಸ ನಿಯಮ ಬಂತು: ಆಜೀವ ವ್ರತಕ್ಕೆ ಮೊದಲು ಕನಿಷ್ಠ 9 ವರ್ಷ ತರಬೇತಿ, 12 ವರ್ಷ ಮೀರಬಾರದು. ಅದರಲ್ಲಿ ತಾತ್ಕಾಲಿಕ ವ್ರತದ ಕಾಲವೇ 5 ವರ್ಷ. ಆ ಗಡುವು ಮುಗಿದಾಗ ಹುಡುಗಿ ಮನೆಗೆ ಮರಳಬಹುದು, ಮಠವೂ ಬೇಡವೆನ್ನಬಹುದು.

ಅವ್ವನಿಗೆ ಇದು ಸರಿ ಬರಲಿಲ್ಲ. ಭೇಟಿಯ ಕೋಣೆಯ ಸರಳಿನಾಚೆ ಕೂತು ಗೋಕಾಕದ ಕರದಂಟಿನ ಪೊಟ್ಟಣ ಬಿಚ್ಚುತ್ತ ಕೇಳಿದಳು: "ಇಷ್ಟ ವರ್ಷ ಕಾಯಸ್ತಾರಂದ್ರ ಅವರಿಗೆ ನೀ ಬ್ಯಾಡಾಗೀಯೇನ ತಂಗಿ?"

ಮೊದಲ ವರ್ಷವೇ ಆಜೀವ ವ್ರತದ ಕಾಗದ ಮುಂದಿಟ್ಟಿದ್ದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆ. ಆಗ ಪ್ರಾರ್ಥನೆ ಸಿಹಿಯಾಗಿತ್ತು. ದಿನಕ್ಕೆ ಎರಡು ತಾಸು ಮೌನಧ್ಯಾನ; ಮೂರನೆಯ ವರ್ಷದ ಹೊತ್ತಿಗೆ ಆ ಎರಡು ತಾಸು ಬರಡಾದವು. ಯಾವ ಉತ್ತರವೂ ಇಲ್ಲ, ಕಣ್ಣೀರೂ ಇಲ್ಲ. ಆದರೂ ಗಂಟೆ ಹೊಡೆದಾಗ ಹೋಗಿ ಮೊಣಕಾಲೂರಬೇಕು. ಆ ಹೋಗುವುದನ್ನೇ ನಾನು ಅಲ್ಲಿ ಕಲಿತೆ.

ಕೆಲಸವೂ ಅಷ್ಟೇ. ಬಲಿಪೂಜೆಯ ರೊಟ್ಟಿಗೆ ಗೋದಿಹಿಟ್ಟು, ನೀರು ಬಿಟ್ಟರೆ ಉಪ್ಪೂ ಇಲ್ಲ. ಕಾದ ಎರಡು ತಟ್ಟೆಗಳ ನಡುವೆ ತೆಳ್ಳಗೆ ಬೇಯಿಸಿ, ತುಸು ತೇವ ಹಿಡಿಸಿ, ಆಮೇಲೆ ಬಿಲ್ಲೆ ಕತ್ತರಿಸಬೇಕು. ತೇವ ಸಾಲದಿದ್ದರೆ ಪುಡಿಯಾಗುತ್ತದೆ. ತೋಟದ ಕೆಲಸ ಬೇಕೆಂದಿದ್ದ ನನಗೆ ಇದನ್ನು ಕೊಟ್ಟರು. ಬಡತನದ ವ್ರತಕ್ಕಾಗಿ ಹೊಲಮನೆಯ ಪಾಲನ್ನು ಅಣ್ಣಂದಿರ ಹೆಸರಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗಲಿಲ್ಲ. ಆದರೆ ನನ್ನ ದಿನ ಹೇಗಿರಬೇಕೆಂದು ಇನ್ನೊಬ್ಬರು ಹೇಳುವುದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಬಡತನಕ್ಕಿಂತ ವಿಧೇಯತೆ ಕಷ್ಟದ ವ್ರತ, ಇದು ನನ್ನ ಅನುಭವ.

ಆಗೆಲ್ಲ ನನಗೆ ಆಸರೆಯಾದವಳು ಸಂತ ಮರಿಯಂ ಬವಾರ್ಡಿ. ಗಲಿಲೇಯದ ಇಬಿಲ್ಲಿನ್‌ನಲ್ಲಿ ಹುಟ್ಟಿದ ಅನಾಥೆ. ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠದಿಂದ 1870ರಲ್ಲಿ ಮಂಗಳೂರಿಗೆ ಹೊರಟ ತಂಡದಲ್ಲಿದ್ದಳು. ಜೊತೆಯವರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟಳು. ಮರುವರ್ಷವೇ ಅವಳ ಮೇಲೆ ಅನುಮಾನಪಟ್ಟು ಹಿಂದಕ್ಕೆ ಕಳಿಸಿದರು. ಕಳಿಸಿದರೂ ಅವಳು ವ್ರತ ಬಿಡಲಿಲ್ಲ. ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ದುಡಿದು 1878ರಲ್ಲಿ ಅಲ್ಲೇ ಕಣ್ಣುಮುಚ್ಚಿದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು.

ನನ್ನ ಆಜೀವ ವ್ರತದ ದಿನ ಬಂದಾಗ, ಕೈಯಾರೆ ಬರೆದ ವ್ರತಪತ್ರ ಹಿಡಿದು, ಮಠದ ಮುಖ್ಯಸ್ಥೆ ಮದರ್ ಅವರ ಕೈಗಳಲ್ಲಿ ಕೈಯಿಟ್ಟು ಓದಿದೆ. ಅವ್ವ ಮುಂದಿನ ಸಾಲಿನಲ್ಲಿದ್ದಳು.

ನಿಮ್ಮ ಮನೆಯ ಮಗಳು ಮಠಕ್ಕೆ ಹೋಗುತ್ತೇನೆಂದರೆ ಅವಸರ ಮಾಡಿ ಕಳಿಸಬೇಡಿ, ಹೆದರಿಸಿ ತಡೆಯಲೂಬೇಡಿ. ನಡುವೆ ಮರಳಿ ಬಂದರೆ ಸೋತು ಬಂದಳೆನ್ನಬೇಡಿ. ಆ ಬಾಗಿಲನ್ನು ಧರ್ಮಸಭೆಯೇ ತೆರೆದಿಟ್ಟಿದೆ. ಅವಳಿಗೆ ಮನೆಯಲ್ಲಿ ಮೊದಲಿದ್ದ ಜಾಗ ಹಾಗೆಯೇ ಇರಲಿ.