ಕ್ವಿಂಟಲ್‌ಗೆ ಎರಡು ಲಕ್ಷದ ಜೋಳ

ನಾಯಿಯ ತಿನಿಸಿಗೆಂದು ಒಂದೇ ಏಟಿಗೆ 21,589 ರೂಪಾಯಿ ಮುಂಗಡ ಕಟ್ಟಿದವನು ಅಣ್ಣಿಗೇರಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಇನ್ನೊಬ್ಬರಿದ್ದರೆ ತಿಳಿಸಿ, ಕೂಡಿ ಚಹಾ ಕುಡಿಯೋಣ. ಇದು ಊಟದ ಖರ್ಚಲ್ಲ, ಊಟದ ನಡುವೆ ಕೈಯಿಂದ ಕೊಡುವ ಚೂರುಗಳದ್ದು. ತಿಂಗಳ ಪೆಟ್ಟಿಗೆಗೆ 1,999. ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಶೇ 10 ರಿಯಾಯಿತಿ. ಸರಾಸರಿ ಐದೂವರೆ ತಿಂಗಳು ಮೊದಲೇ ಹಣ ಕೊಟ್ಟದ್ದಕ್ಕೆ ಶೇ 10 ಉಳಿದರೆ, ವಾರ್ಷಿಕ ಲೆಕ್ಕದಲ್ಲಿ ಅದು ಶೇ 20 ದಾಟುತ್ತದೆ. ಯಾವ ಎಫ್‌ಡಿ ಕೊಡುತ್ತದೆ ಅಷ್ಟು? ಆ ಲೆಕ್ಕ ಇವತ್ತಿಗೂ ಸರಿಯೇ ಇದೆ. ಆದರೆ ಅದು ಹಣ ಕಟ್ಟುವ ರೀತಿಯ ಲೆಕ್ಕ, ಕೊಂಡ ಸರಕಿನ ಲೆಕ್ಕವಲ್ಲ. ಇವತ್ತು ಸರಕಿನದನ್ನು ಮಾಡೋಣ.

ನಾಯಿ ನನ್ನದಲ್ಲ. ಅಣ್ಣನ ಮಗ ಬೆಂಗಳೂರಿನ ಕಂಪನಿಯಿಂದ ಎರಡು ವರ್ಷಕ್ಕೆಂದು ವಿದೇಶಕ್ಕೆ ಹೋದ. ಅವನ 28 ಕೆ.ಜಿ. ಲ್ಯಾಬ್ರಡಾರ್ ನಮ್ಮ ಪಡಸಾಲೆಗೆ ಬಂತು. ಜೊತೆಗೊಂದು ಚೀಲ, ಹಾಸಿಗೆ, ಎರಡು ಪುಟದ ಸೂಚನೆ. ಬಾಯಿಮಾತಿನ ಸೂಚನೆ ಬೇರೆ: "ಕಾಕಾ, ಅದಕ್ಕ ರೊಟ್ಟಿ-ಗಿಟ್ಟಿ ಹಾಕಬ್ಯಾಡ್ರಿ. ಧಾನ್ಯ ತಿಂದ್ರ ಅಲರ್ಜಿ ಆಗ್ತೈತಂತ. ನ್ಯಾಚುರಲ್ ಇದ್ದದ್ದಷ್ಟ ಕೊಡ್ರಿ." ಹೊಲದಲ್ಲಿ ಜೋಳ ನಿಂತಿರುವ ಮನೆಯಲ್ಲಿ ನಿಂತು ಹೇಳಿದ ಮಾತಿದು. ಎರವಲು ಬಂದ ಜೀವ, ಹೆಚ್ಚುಕಡಿಮೆ ಆದರೆ ಅಣ್ಣನ ಮುಂದೆ ಮುಖ ಹೇಗೆ ತೋರಿಸುವುದು ಎಂದುಕೊಂಡು ಹಣ ಕಟ್ಟಿದೆ.

ಪೆಟ್ಟಿಗೆಯಲ್ಲಿ ಬರುವುದು ಮೂರು ಬಗೆ. ಒಣಗಿಸಿದ ಕೋಳಿ ಪಟ್ಟಿ, 70 ಗ್ರಾಂಗೆ 249. ಕೈಯಿಂದ ಮಾಡಿದ ಸಿರಿಧಾನ್ಯ ಬಿಸ್ಕತ್ತು, 150 ಗ್ರಾಂಗೆ 299. ಮೂರನೆಯದು ಯಾಕ್ ಹಾಲಿನ ಗಟ್ಟಿ ತುಂಡು, ನೇಪಾಳದ ಕಡೆ ಜನರೇ ಬಾಯಲ್ಲಿಟ್ಟು ಚೀಪುವ ಛುರ್ಪಿ. ಈ ಮೂರನೆಯದರ ಬಗ್ಗೆ ನನ್ನ ತಕರಾರಿಲ್ಲ. ದುಬಾರಿಯಾದರೂ ದಿನಗಟ್ಟಲೆ ಬಾಳುತ್ತದೆ, ಅಷ್ಟು ದಿನ ನನ್ನ ಚಪ್ಪಲಿಯೂ ಬಾಳುತ್ತದೆ.

ಕೋಳಿ ಪಟ್ಟಿಗೂ ನ್ಯಾಯ ಸಲ್ಲಿಸಬೇಕು. ಹಸಿ ಕೋಳಿಮಾಂಸದಲ್ಲಿ ಮುಕ್ಕಾಲು ಪಾಲು ನೀರು. 70 ಗ್ರಾಂ ಒಣ ಪಟ್ಟಿಗೆ ಸುಮಾರು 240 ಗ್ರಾಂ ಹಸಿ ಮಾಂಸ ಬೇಕು. ಎಲುಬಿಲ್ಲದ್ದು ಕೆ.ಜಿ.ಗೆ 350 ಎಂದಿಟ್ಟುಕೊಂಡರೆ 84 ರೂಪಾಯಿ. ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ, ಅಂದರೆ 249ರೊಳಗೆ 38 ತೆರಿಗೆಗೇ ಹೋಯಿತು. ಉಳಿದದ್ದರಲ್ಲಿ ಒಣಗಿಸುವ ಕರೆಂಟು, ಪೊಟ್ಟಣ, ಕೊರಿಯರ್, ಲಾಭ. ಲೂಟಿ ಎನ್ನಲಾರೆ. ಆದರೂ ತಮಾಷೆ ನೋಡಿ: ದನದ ಹಿಂಡಿಗೆ, ಕೋಳಿ ಆಹಾರಕ್ಕೆ ಜಿಎಸ್‌ಟಿ ಇಲ್ಲ. ನಾಯಿಯದು ಪೊಟ್ಟಣದಲ್ಲಿ ಬಂದರೆ ಶೇ 18. ಹೊಲ ಕಾಯುವ ನಾಯಿಯೂ ಸರ್ಕಾರದ ಕಣ್ಣಿಗೆ ಸಾಹೇಬರ ಮನೆಯ ನಾಯಿಯೇ.

ನನ್ನ ಪಿತ್ತ ಕೆರಳುವುದು ಆ ಬಿಸ್ಕತ್ತಿಗೆ.

ಪೊಟ್ಟಣದ ಹಿಂಭಾಗದಲ್ಲಿ ಸಾಮಗ್ರಿಯ ಪಟ್ಟಿ ಇದೆ. ಮೊದಲ ಹೆಸರು ಜೋಳದ ಹಿಟ್ಟು. ಆಮೇಲೆ ರಾಗಿ, ಬೆಲ್ಲ, ಶೇಂಗಾ, ಕೊಬ್ಬರಿ ಎಣ್ಣೆ. ಬೆಲೆಯ ಪಕ್ಕದಲ್ಲಿ ನಿಯಮದಂತೆ ಗ್ರಾಂ ಲೆಕ್ಕವನ್ನೂ ಛಾಪಿಸಿದ್ದಾರೆ: ಗ್ರಾಂಗೆ 1.99 ರೂಪಾಯಿ. ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲೇ ಬೆಲೆ ಹಾಕಬೇಕೆಂಬುದು ಕಾನೂನು. ಗಿರಾಕಿಗೆ ಅನುಕೂಲವಾಗಲೆಂದು ಮಾಡಿದ್ದು. ಆದರೆ ಎರಡು ರೂಪಾಯಿ ಎಂದು ಓದಿದರೆ ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಅದನ್ನೇ ಕೆ.ಜಿ.ಗೆ ಮಾಡಿ: 1,993. ನಮ್ಮ ಎಪಿಎಂಸಿ ಭಾಷೆಗೆ ತನ್ನಿ: ಕ್ವಿಂಟಲ್‌ಗೆ 1,99,300.

2025-26ರ ಹಂಗಾಮಿಗೆ ಮಾಲದಂಡಿ ಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749. ಅಂದರೆ 53 ಪಟ್ಟು. ನವಲಗುಂದದ ಎರೆಹೊಲದಲ್ಲಿ ಹಿಂಗಾರಿ ಜೋಳ ಬೆಳೆದವನಿಗೆ ಆ 3,749 ಕೂಡ ಪ್ರತಿ ವರ್ಷ ಕೈಗೆ ಹತ್ತುತ್ತದೆಂಬ ಭರವಸೆಯಿಲ್ಲ. ನಾನು ಮುಂಗಡ ಕಟ್ಟಿದ ದುಡ್ಡಿಗೆ ಬೆಂಬಲ ಬೆಲೆಯಲ್ಲಿ ಐದೂಮುಕ್ಕಾಲು ಕ್ವಿಂಟಲ್ ಜೋಳ ಬರುತ್ತಿತ್ತು.

ತೂಕದ ಲೆಕ್ಕ ಪೂರ್ತಿ ನ್ಯಾಯವಲ್ಲ ಎನ್ನುತ್ತೀರಾ? ಸರಿ, ಕ್ಯಾಲೊರಿಗೆ ಬರೋಣ. ನಾಯಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿ ಬೇಕಾದ ಶಕ್ತಿ ಸಿಗುತ್ತದೆ. 28 ಕೆ.ಜಿ.ಗೆ ಅದು 852. ಸಂತಾನಹರಣ ಚಿಕಿತ್ಸೆ ಆದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ ದಿನಕ್ಕೆ 1,363. ತಿನಿಸು ಇದರ ಶೇ 10 ಮೀರಬಾರದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಆದ್ದರಿಂದ 136 ಕ್ಯಾಲೊರಿ. ಬಿಸ್ಕತ್ತು 100 ಗ್ರಾಂಗೆ 380 ಕ್ಯಾಲೊರಿ ಎಂದು ಅವರೇ ಬರೆದಿದ್ದಾರೆ, ಪೊಟ್ಟಣಕ್ಕೆ 570. 299ನ್ನು 570ರಿಂದ ಭಾಗಿಸಿ 136ರಿಂದ ಗುಣಿಸಿ: ದಿನಕ್ಕೆ 71 ರೂಪಾಯಿ. ವರ್ಷಕ್ಕೆ 26 ಸಾವಿರ. ನೆನಪಿರಲಿ, ನಾಯಿಯ ಊಟದ ಹತ್ತರಲ್ಲಿ ಒಂದು ಪಾಲಿಗೆ. ಉಳಿದ ಒಂಬತ್ತು ಪಾಲು ಇನ್ನೂ ಬಾಕಿ.

ಅದೇ 136 ಕ್ಯಾಲೊರಿಗೆ 40 ಗ್ರಾಂ ಜೋಳದ ಹಿಟ್ಟು ಸಾಕು. ಗಿರಣಿ ಖರ್ಚು ಸೇರಿಸಿ ಹಿಟ್ಟು ಕೆ.ಜಿ.ಗೆ 42 ಎಂದರೆ ದಿನಕ್ಕೆ 1 ರೂಪಾಯಿ 70 ಪೈಸೆ, ವರ್ಷಕ್ಕೆ 620. ಮನೆಯಲ್ಲಿ ಬಡಿಯಲು ಪುರುಸೊತ್ತಿಲ್ಲವೇ? ನಮ್ಮ ಓಣಿಯ ತುದಿಯಲ್ಲಿ ಒಬ್ಬ ಅಕ್ಕಾರು ಕಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಾರೆ. ಒಂದಕ್ಕೆ 8 ರೂಪಾಯಿ. ದಿನಕ್ಕೆ ಮುಕ್ಕಾಲು ರೊಟ್ಟಿ, 6 ರೂಪಾಯಿ, ವರ್ಷಕ್ಕೆ 2,190. ಉಪ್ಪಿಲ್ಲದ್ದು ಬೇರೆ ಕಟ್ಟಿಕೊಡಿ ಎಂದೆ. "ನಾಯಿಗೇನ್ರಿ? ಹಂಗಾರ ಎಳ್ಳ ಹಚ್ಚಂಗಿಲ್ಲ ಬಿಡ್ರಿ" ಎಂದರು. ಕೈಯಿಂದ ಬಡಿದದ್ದು, ಸಕ್ಕರೆಯಿಲ್ಲ, ಬಣ್ಣವಿಲ್ಲ, ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು, ಕಡಿದರೆ ಕಟುಂ ಎನ್ನುತ್ತದೆ. ಲ್ಯಾಬ್ರಡಾರ್ ಎರಡರ ನಡುವೆ ಯಾವ ಭೇದವನ್ನೂ ಮಾಡಲಿಲ್ಲ. ಆ ಜಾತಿಯ ನಾಯಿ ಸಾಬೂನಿಗೂ ಅದೇ ಉತ್ಸಾಹ ತೋರಿಸುತ್ತದೆ ಎಂಬುದು ನಿಜ, ಹಾಗಾಗಿ ಅದರ ಸಾಕ್ಷ್ಯವನ್ನು ನಾನು ಹೆಚ್ಚು ನೆಚ್ಚಿಕೊಳ್ಳುವುದಿಲ್ಲ.

ಇನ್ನು ಈ ಧಾನ್ಯರಹಿತ ಎಂಬ ವ್ಯಾಪಾರ. ಅದೇ ಕಂಪನಿ ಒಂದು ಪೊಟ್ಟಣದ ಮೇಲೆ 'ಪುರಾತನ ಧಾನ್ಯ' ಎಂದು ಹೆಮ್ಮೆಯಿಂದ ಬರೆದು ಮಾರುತ್ತದೆ, ಪಕ್ಕದ ಪೊಟ್ಟಣದ ಮೇಲೆ 'ಧಾನ್ಯವಿಲ್ಲ' ಎಂದು ಬರೆದು ಇನ್ನೂ 50 ರೂಪಾಯಿ ಹೆಚ್ಚಿಗೆ ಕೇಳುತ್ತದೆ. ಇದ್ದರೂ ಬೆಲೆ, ಇಲ್ಲದಿದ್ದರೂ ಬೆಲೆ. ನಾಯಿ ತೋಳದ ಕುಲದ್ದು, ಧಾನ್ಯ ಅದಕ್ಕೆ ಒಗ್ಗದು ಎಂಬುದು ಇವರ ವಾದ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಪ್ರಕಟಿಸಿ ಆಗಿದೆ. ಪಿಷ್ಟ ಕರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯನ ಬೆನ್ನು ಹತ್ತಿ ಬಂದ ಪ್ರಾಣಿ ಅವನ ಕಣದ ಕಾಳನ್ನೂ ಅರಗಿಸಿಕೊಳ್ಳಲು ಕಲಿಯಿತು. ಅಮೆರಿಕದ ಎಫ್‌ಡಿಎ ಅಂತೂ 2018ರಲ್ಲಿ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಒಂದು ಹೃದ್ರೋಗಕ್ಕೂ ನಂಟಿದೆಯೇ ಎಂದು ತನಿಖೆ ಶುರುಮಾಡಿತು. ನಂಟು ಸಿದ್ಧವಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಧಾನ್ಯ ತೆಗೆದು ಆ ಜಾಗಕ್ಕೆ ಬಟಾಣಿ ತುಂಬಿ ಹೆಚ್ಚಿಗೆ ದುಡ್ಡು ಕೇಳುವವನಿಗೆ ಪುರಾವೆ ಕೊಡುವ ಭಾರ ನನ್ನ ಮೇಲೆ ಯಾಕೆ ಬೀಳಬೇಕು?

ಅಷ್ಟು ದೂರವೂ ಬೇಡ. ಸುಗ್ಗಿ ಮುಗಿದ ಮೇಲೆ ನವಲಗುಂದ ಸೀಮೆಯ ಖಾಲಿ ಹೊಲಗಳಲ್ಲಿ ಕುರಿ ತರುಬುವ ಕುರುಬರ ಜೊತೆ ನಾಯಿಗಳಿರುತ್ತವೆ. ಅವರ ರೊಟ್ಟಿಯೇ ಅವುಗಳ ರೊಟ್ಟಿ. 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದು ಗೌರವಿಸಿದ, ಆಮೇಲೆ ಸೇನೆಯೂ ಪರೀಕ್ಷೆಗೆ ತೆಗೆದುಕೊಂಡ ಮುಧೋಳ ನಾಯಿಯನ್ನು ಸಾಕುವ ಮನೆಗಳಲ್ಲೂ ಜೋಳ, ಗೋವಿನಜೋಳದ ನುಚ್ಚು, ಹಾಲು, ಆಗೀಗ ತತ್ತಿ, ಇದೇ ರೂಢಿ. ಅಲರ್ಜಿ ಆಗಿದ್ದರೆ ಆ ತಳಿ ನಮ್ಮವರೆಗೆ ಉಳಿಯುತ್ತಿತ್ತೇ?

ನೈಸರ್ಗಿಕ, ಆರೋಗ್ಯಕರ, ಕೈಯಿಂದ ಮಾಡಿದ್ದು: ಈ ಮಾತುಗಳಿಗೆ ಕಾವಲು ಯಾರು? 2006ರ ಆಹಾರ ಸುರಕ್ಷತಾ ಕಾಯ್ದೆ ಮನುಷ್ಯರ ಆಹಾರಕ್ಕೆ ಸಂಬಂಧಿಸಿದ್ದು, ಪ್ರಾಣಿಗಳ ಆಹಾರ ಅದರ ಹೊರಗೆ. ನಾಯಿ-ಬೆಕ್ಕಿನ ಆಹಾರಕ್ಕೆ ಐಎಸ್ 11968 ಎಂಬ ಬಿಐಎಸ್ ಮಾನದಂಡ ಇದೆ. ನನ್ನ ಪೆಟ್ಟಿಗೆಯ ಯಾವ ಪೊಟ್ಟಣದ ಮೇಲೂ ಆ ಸಂಖ್ಯೆ ಕಾಣಲಿಲ್ಲ. ಪಾದದ ಗುರುತು, ಹಸಿರೆಲೆ, ನಗುವ ನಾಯಿ, ಇವೆಲ್ಲ ಇವೆ.

ಹಾಗೆಂದು ಮನೆಯ ತಾಟಿನಲ್ಲಿ ಉಳಿದದ್ದೆಲ್ಲ ಪವಿತ್ರ ಎಂದು ತಿಳಿಯಬೇಡಿ. ಇಲ್ಲಿ ನಮ್ಮವರ ತಪ್ಪು ಕಂಪನಿಯವರದಕ್ಕಿಂತ ದೊಡ್ಡದು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಿನ್ನೆಯ ಜುಣಕ, ಖಾರದ ಸಾರು ಸುರಿದ ಅನ್ನ ಅದಕ್ಕೆ ಊಟವಲ್ಲ. ಒಣದ್ರಾಕ್ಷಿ, ಚಾಕೊಲೇಟು ಬೇಡವೇ ಬೇಡ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಎಲ್ಲಕ್ಕಿಂತ ಅಪಾಯ ಬೂಸ್ಟು ಹಿಡಿದ ಶೇಂಗಾ ಮತ್ತು ಗೋವಿನಜೋಳ. ಕುಂದಗೋಳದಲ್ಲಿ ಮಳೆಗೆ ಸಿಕ್ಕ ಶೇಂಗಾ, ಕಲಘಟಗಿಯಲ್ಲಿ ಸರಿಯಾಗಿ ಒಣಗದ ತೆನೆ, ಪೇಟೆಯಲ್ಲಿ ಬೆಲೆ ಬರದಿದ್ದನ್ನು "ನಾಯಿಗೆ ಹಾಕ್ರಿ" ಎಂದು ಮನೆಗೆ ತರುತ್ತಾರೆ. ಅದರಲ್ಲಿರುವ ಅಫ್ಲಾಟಾಕ್ಸಿನ್ ನೇರ ಯಕೃತ್ತಿಗೆ ಬಡಿಯುತ್ತದೆ, ನಾಯಿಗೆ ಅದನ್ನು ತಾಳುವ ಶಕ್ತಿ ಕಡಿಮೆ. ದೊಡ್ಡ ಕಾರ್ಖಾನೆಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದಲ್ಲಿ 2005ರಲ್ಲೂ 2020ರಲ್ಲೂ ಕಲುಷಿತ ಗೋವಿನಜೋಳದ ಆಹಾರ ತಿಂದು ನಾಯಿಗಳು ಸತ್ತವು. ಬೂಸ್ಟಿನ ಕಾಳನ್ನು ಎಸೆದರೆ ಹೋಗುವುದು ಐವತ್ತೋ ನೂರೋ ರೂಪಾಯಿ. ಉಳಿಸಲು ಹೋದರೆ ಹುಬ್ಬಳ್ಳಿಯ ಖಾಸಗಿ ಕ್ಲಿನಿಕ್ಕಿನಲ್ಲಿ ಡ್ರಿಪ್ಪಿನ ಬಿಲ್ಲು.

ಬರೀ ರೊಟ್ಟಿ-ಹಾಲೂ ಸಾಲದು. ವಯಸ್ಕ ನಾಯಿಯ ಆಹಾರದ ಒಣ ತೂಕದಲ್ಲಿ ಕನಿಷ್ಠ ಶೇ 18 ಪ್ರೊಟೀನು ಬೇಕೆನ್ನುತ್ತಾರೆ. ಜೋಳದಲ್ಲಿರುವುದು ಹತ್ತರ ಸುಮಾರು. ನಮ್ಮಲ್ಲಿ ರೊಟ್ಟಿಯ ಜೊತೆ ಬೇಯಿಸಿದ ತತ್ತಿ, ಕೋಳಿ ಅಂಗಡಿಯಿಂದ ತಂದ ಮಾಂಸ, ಮಜ್ಜಿಗೆ ನಡೆಯುತ್ತದೆ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ತತ್ತಿಯ ಸಿಪ್ಪೆಯನ್ನು ತೊಳೆದು ಒಣಗಿಸಿ ನುಣ್ಣಗೆ ಕುಟ್ಟಿ, ಪಶುವೈದ್ಯರು ಹೇಳಿದ ಅಳತೆಯಲ್ಲಿ ಬೆರೆಸುತ್ತೇವೆ. ಒಂದು ಸಿಪ್ಪೆಯಲ್ಲಿ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ. ಇದನ್ನೇ ಡಬ್ಬಿಯಲ್ಲಿ ತುಂಬಿ ಪೂರಕ ಎಂದು ಮಾರುವವರಿದ್ದಾರೆ, ಆ ಲೆಕ್ಕ ನೀವೇ ಮಾಡಿಕೊಳ್ಳಿ. ಬೆಳೆಯುವ ಮರಿಗೆ, ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಮಾತ್ರ ಈ ಮನೆವಾರ್ತೆ ನಡೆಯುವುದಿಲ್ಲ. ಅಲ್ಲಿ ವೈದ್ಯರು ಬರೆದ ಪೊಟ್ಟಣದ ಆಹಾರವೇ ಕೊನೆಗೆ ಅಗ್ಗ.

ಬೆಲೆಗಿಂತ ಕೆಟ್ಟದ್ದು ಅಭ್ಯಾಸ. ನಾಯಿ ನೋಡಿದಾಗಲೆಲ್ಲ ಒಂದು ಚೂರು ಎಸೆಯುವವರು ನಾಯಿಗಾಗಿ ಎಸೆಯುವುದಿಲ್ಲ. ಬೆಳಿಗ್ಗೆ ತಿರುಗಾಡಿಸಲು ಹೋಗಲಿಲ್ಲ, ಅದಕ್ಕೊಂದು ಬಿಸ್ಕತ್ತು. ದಿನವಿಡೀ ಕಟ್ಟಿಹಾಕಿದ್ದೆವು, ಅದಕ್ಕೊಂದು. ಊರಿಗೆ ಹೋಗಿ ಬಂದೆವು, ಎರಡು. ಮೊಬೈಲ್ ಕೊಟ್ಟು ಮೊಮ್ಮಕ್ಕಳನ್ನು ಸುಮ್ಮನಿರಿಸುವ ಮನೆಗಳಲ್ಲೇ ಇದು ಹೆಚ್ಚು ಎಂದರೆ ನನ್ನ ಮನೆಯವರಿಗೆ ಸಿಟ್ಟು ಬರುತ್ತದೆ, ಬರಲಿ. ಕೆರೆಯ ದಂಡೆಗೆ ಅರ್ಧ ತಾಸು ಬಿಟ್ಟು ಬಂದರೆ ನಾಯಿ ಏನನ್ನೂ ಕೇಳುವುದಿಲ್ಲ, ಮೂಲೆ ಹಿಡಿದು ಮಲಗುತ್ತದೆ. ಧಾರವಾಡದಿಂದ ಬಂದ ನೆಂಟರು ಪೇಢೆ ಪೊಟ್ಟಣ ಬಿಚ್ಚಿ ಅದರ ಬಾಯಿಗೇ ಇಡುತ್ತಾರೆ. ತೂಕ ಹೆಚ್ಚಾಗಿ ಕೀಲು ಹಿಡಿದರೆ ಅವರು ಬಂದು ಗೋಲಿ ಕೊಡಿಸುವುದಿಲ್ಲ. ತಿನಿಸಿನ ದುಡ್ಡಿನಲ್ಲಿ ಮೊದಲು ಜಂತಿನ ಔಷಧ, ವರ್ಷದ ಲಸಿಕೆ ಎತ್ತಿಡಿ. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುತ್ತಮುತ್ತ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಹಲವು ಕಡೆ ರೇಬೀಸ್ ಲಸಿಕೆ ಪುಕ್ಕಟೆ ಹಾಕುತ್ತಾರೆ.

ಕಟ್ಟಿದ ಹಣ ವಾಪಸಿಲ್ಲ. ಇದ್ದಷ್ಟು ತಿಂಗಳು ಪೆಟ್ಟಿಗೆ ಬರಲಿ, ಕೋಳಿ ಪಟ್ಟಿಯನ್ನು ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ ವಾರಗಟ್ಟಲೆ ನಡೆಸುತ್ತೇವೆ. ಎಚ್ಚರ ಬೇಕಾದದ್ದು ವರ್ಷ ಮುಗಿದ ಮೇಲೆ. ಷರತ್ತಿನ ಪ್ರಕಾರ ಯೋಜನೆ ತಾನಾಗಿಯೇ ತಿಂಗಳ ಕಂತಿಗೆ ಹೊರಳುತ್ತದೆ. 21,589 ಕಟ್ಟುವಾಗ ಪಿನ್ ಒತ್ತಬೇಕಾಯಿತು, ಒಂದು ಕ್ಷಣವಾದರೂ ಬೆರಳು ನಿಂತಿತು. 1,999ಕ್ಕೆ ಹಾಗಿಲ್ಲ. ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಈ ಬಗೆಯ ತಾನೇ ಕಡಿತವಾಗುವ ಪಾವತಿಯ ಮಿತಿಯನ್ನು 5,000ದಿಂದ 15,000ಕ್ಕೆ ಏರಿಸಿದೆ. ಅದರೊಳಗಿನ ಕಂತು ಪ್ರತಿ ಸಲ ನಮ್ಮನ್ನು ಕೇಳಬೇಕಾಗಿಲ್ಲ. 24 ತಾಸು ಮೊದಲು ಒಂದು ಸಂದೇಶ ಬರುತ್ತದೆ, ಅದು ಸಾಲದ ಜಾಹೀರಾತುಗಳ ನಡುವೆ ಮುಳುಗಿಹೋಗುತ್ತದೆ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗ ತೆರೆದರೆ ನೀವು ಕೊಟ್ಟ ಅನುಮತಿಗಳೆಲ್ಲ ಸಾಲಾಗಿ ಕಾಣುತ್ತವೆ, ಅಲ್ಲೇ ರದ್ದು ಮಾಡಬಹುದು. ನಾಯಿಯದನ್ನು ರದ್ದು ಮಾಡಿದೆ. ಅದರ ಕೆಳಗೆ ತಿಂಗಳಿಗೆ 149 ರೂಪಾಯಿಯದು ಇನ್ನೊಂದು ಇತ್ತು. ಯಾವುದಕ್ಕೆಂದು ಮನೆಯಲ್ಲಿ ಕೇಳುತ್ತಿದ್ದೇನೆ, ಇನ್ನೂ ಯಾರೂ ಒಪ್ಪಿಕೊಂಡಿಲ್ಲ.