ಶಾಲೆಯ ದಾರಿ ಮತ್ತು ಊರಿನ ಹೊಣೆ

ಅರಿಶಿನಕುಂಟೆಯೆಂಬ ಹೆಸರಿನೊಳಗೆ ‘ಕುಂಟೆ’ ಎಂಬ ಪದವಿದೆ. ಕುಂಟೆಯೆಂದರೆ ಚಿಕ್ಕ ಕೆರೆ. ನೀರಿನ ಬಳಿಗೆ ಒಬ್ಬರೇ ಹೋಗದಿರೆಂದು ಮಕ್ಕಳಿಗೆ ಹೇಳುವುದು ಹಳ್ಳಿಯ ಹಿರಿಯರ ರೂಢಿ. ಆದರೆ ನೀರು ಇದ್ದಲ್ಲಿಯೇ ಇರುತ್ತದೆ, ವಾಹನವು ಹಾಗಲ್ಲ. ನೆಲಮಂಗಲದ ಬಳಿ ತುಮಕೂರಿನ ಕಡೆಗೆ 48ನೆಯ, ಹಾಸನದ ಕಡೆಗೆ 75ನೆಯ ರಾಷ್ಟ್ರೀಯ ಹೆದ್ದಾರಿಗಳು ಕವಲೊಡೆಯುತ್ತವೆ. ಈ ಸೀಮೆಯ ಮಕ್ಕಳು ದಾಟಬೇಕಾದ ಹೊಳೆಯೆಂದರೆ ಇದೇ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿಯು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕನು ಮಗುವನ್ನು ಕಂಡು ಬ್ರೇಕು ತುಳಿಯುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ನಿಲ್ಲುವುದಕ್ಕೆ ಇನ್ನೂ ದೂರ ಬೇಕು. ಎಳೆಯ ಮಕ್ಕಳಿಗೆ ವೇಗವನ್ನೂ ದೂರವನ್ನೂ ಕೂಡಿಸಿ ಅಳೆಯುವ ಶಕ್ತಿ ಬಲಿತಿರುವುದಿಲ್ಲ. ‘ನೋಡಿಕೊಂಡು ದಾಟು’ ಎಂದು ನಾವು ಉಪಾಧ್ಯಾಯರು ವರ್ಷವಿಡೀ ಹೇಳಿ, ಅಲ್ಲಿಗೆ ಕರ್ತವ್ಯ ಮುಗಿಯಿತೆಂದು ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿದಿದ್ದವನು.

ನಿಜವಾದ ಹೊಳೆಯನ್ನೇ ದಾಟಬೇಕಾಗಿದ್ದ ಊರೊಂದರ ಸಂಗತಿಯನ್ನು ಇಲ್ಲಿ ನೆನೆಯಬಹುದು. ಸುಳ್ಯ ತಾಲ್ಲೂಕಿನ ಅರಂಬೂರಿನ ಜನರು ಪಯಸ್ವಿನಿಗೆ ಸೇತುವೆ ಬೇಕೆಂದು ಇಂಜಿನಿಯರ್ ಗಿರೀಶ್ ಭಾರದ್ವಾಜರನ್ನು ಕೇಳಿಕೊಂಡರು. 1989ರಲ್ಲಿ ಅಲ್ಲಿ ತೂಗುಸೇತುವೆ ಎದ್ದಿತು. ಕೇಳಿದವರು ದಡದಲ್ಲಿ ನಿಂತು ನೋಡಲಿಲ್ಲ, ದುಡಿಮೆಗೂ ಕೈಗೂಡಿಸಿದರು. ಭಾರದ್ವಾಜರು ಮುಂದೆ ಇಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಮಳೆಗಾಲದಲ್ಲಿ ದೋಣಿಯನ್ನೋ ಕಾಲುಸಂಕವನ್ನೋ ನೆಚ್ಚಿದ್ದ ಎಷ್ಟೋ ಮಕ್ಕಳಿಗೆ ಅವೇ ಶಾಲೆಯ ದಾರಿಯಾದವು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯನ್ನನುಸರಿಸಿ 2010ರಲ್ಲಿ ಬಂದ ಕೇಂದ್ರ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗೆ 1 ಕಿಲೋಮೀಟರ್, ಆರರಿಂದ ಎಂಟರವರೆಗೆ 3 ಕಿಲೋಮೀಟರ್ ನಡಿಗೆಯ ಅಂತರದಲ್ಲಿ ಶಾಲೆಯಿರಬೇಕೆನ್ನುತ್ತವೆ. ಮನೆಯಿಂದ ಶಾಲೆಗೆ ಬರುವ ಹಾದಿಯಲ್ಲಿ ಮಕ್ಕಳಿಗೆ ಅಪಾಯವಿದ್ದರೆ ಆ ಅಂತರವನ್ನು ಇನ್ನೂ ಕಿರಿದಾಗಿಸಿ ಶಾಲೆಯ ಸ್ಥಳವನ್ನು ಗೊತ್ತುಮಾಡಬೇಕೆಂದೂ ಅವುಗಳಲ್ಲಿದೆ. ಪೋಷಕರ ಸಭೆಗಳಲ್ಲಿ ಈ ಮಾತನ್ನು ಎತ್ತುವವರು ವಿರಳ.

ಮೇಲ್ಸೇತುವೆ, ಕೆಳದಾರಿ, ವೇಗತಡೆ ಇವೆಲ್ಲ ಆಗಲೇಬೇಕು. ಅದಕ್ಕಾಗಿ ಅರ್ಜಿ ಬರೆಯುತ್ತಲೇ ಇರಬೇಕು. ಅರ್ಜಿಗೆ ಉತ್ತರ ಬರುವವರೆಗೂ ಮಕ್ಕಳು ದಿನಕ್ಕೆರಡು ಬಾರಿ ದಾಟಲೇಬೇಕಲ್ಲ! ಜಪಾನಿನ ಅನೇಕ ಊರುಗಳಲ್ಲಿ ಒಂದೇ ಕೇರಿಯ ಮಕ್ಕಳು ಒಂದೆಡೆ ಕೂಡಿ, ಹಿರಿಯ ವಿದ್ಯಾರ್ಥಿಯ ಹಿಂದೆ ಸಾಲಾಗಿ ಶಾಲೆಗೆ ನಡೆಯುತ್ತಾರೆ. ಅಡ್ಡರಸ್ತೆಗಳಲ್ಲಿ ಊರ ಹಿರಿಯರು ಬಾವುಟ ಹಿಡಿದು ನಿಂತಿರುತ್ತಾರೆ. ಇದಕ್ಕೆ ಹಣ ಬೇಕಿಲ್ಲ, ಸರದಿಯ ಪಟ್ಟಿ ಬೇಕು. ಕೂಡುವ ಜಾಗ ದೇವಸ್ಥಾನದ ಜಗಲಿಯಾದರೂ ಸರಿ, ಹಾಲಿನ ಡೈರಿಯಾದರೂ ಸರಿ.

ಸಂಜೆಗೆ ಹೆಚ್ಚಿನ ಎಚ್ಚರ ಅವಶ್ಯ. ಬೆಳಿಗ್ಗೆ ತಾಯಂದಿರ ಕಣ್ಣಿರುತ್ತದೆ. ಸಂಜೆ ಗಂಟೆ ಬಾರಿಸಿದೊಡನೆ ಮಕ್ಕಳು ಹಸಿದು, ಗುಂಪಾಗಿ, ಓಡುತ್ತ ಹೊರಬೀಳುತ್ತಾರೆ. ಆಟಕ್ಕೆ ಉಳಿದವರು ತಡವಾಗಿ ಬರುತ್ತಾರೆ. ಕಡೆಯ ಮಗು ದಾಟುವವರೆಗೂ ಅಂದಿನ ಸರದಿಯವರು ರಸ್ತೆಯ ಬದಿಯಿಂದ ಕದಲಬಾರದು.