ಹಾಸ್ಟೆಲ್ ಶಾಲೆಗೆ ಬಂದ ಹೊಸ ನರ್ಸಿಗೆ
ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ನರ್ಸಾಗಿ ಸೇರಿದ್ದೀರಾ? ಯಾರಿಗೆ ಉಬ್ಬಸ, ಯಾರಿಗೆ ಮೂರ್ಛೆರೋಗ, ಯಾರಿಗೆ ಯಾವ ಔಷಧಿ ಒಗ್ಗದು ಎಂಬುದನ್ನು ಮೊದಲ ವಾರವೇ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ, ನಿಮ್ಮೆದುರೇ ನುಂಗಿಸಿ. ಕೈಗೆ ಕೊಟ್ಟು ಕಳಿಸಿದರೆ ಅರ್ಧಕ್ಕರ್ಧ ಕಿಟಕಿಯಾಚೆ ಬಿದ್ದಿರುತ್ತವೆ! ಮಲ ಕಪ್ಪಗಾಗಬಹುದೆಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮಕ್ಕಳು ಹೆದರಿಕೊಳ್ಳುತ್ತಾರೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಒರಗಿಸಬೇಡಿ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ.

ಇನ್ನು ಗಣಿತದ ಪೀರಿಯಡ್ಡಿಗೇ ಬರುವ ಹೊಟ್ಟೆನೋವು. ನಾಟಕವೆಂದು ಗದರಿಸಿ ಅಟ್ಟಬೇಡಿ. ಹೊಟ್ಟೆ ಮುಟ್ಟಿ ನೋಡಿ, ಜ್ವರ ನೋಡಿ, ತಿಂಡಿ ತಿಂದೆಯಾ ಎಂದು ಕೇಳಿ. ಏನೂ ಕಾಣದಿದ್ದರೆ ಮನೆಯ ನೆನಪಿರಬಹುದು, ರಾತ್ರಿ ಹಾಸ್ಟೆಲ್ಲಿನಲ್ಲಿ ಯಾರೋ ಕಾಡುತ್ತಿರಬಹುದು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡರೆ ತಾವಾಗಿಯೇ ಹೇಳುತ್ತಾರೆ. ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿಯಿತೋ, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.